ಸೂಲಗಿತ್ತಿ ಒಬ್ಬಳೇ ಇದ್ದ ಊರು

"ಗುರುಗಳೇ, ಅಪ್ಪಣೆಯಿಲ್ಲದೆ ಗಡಿ ದಾಟಿ ಬಂದವರ ಭಾರವನ್ನು ಊರು ಹೊರಬೇಕೇ, ಹೊರಬಾರದೇ?"

ಪಂಪಣ್ಣ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದ. ಅವನು ಆಗಷ್ಟೇ ಪೇಟೆಯಿಂದ ಮಠಕ್ಕೆ ಮರಳಿದ್ದ. ಪೇಟೆಯಲ್ಲಿ ಬೆಳಗಿನಿಂದ ಇದೇ ಮಾತು ನಡೆದಿತ್ತು. ಓಡಿಸಬೇಕು ಎನ್ನುವವರು ಒಂದು ಕಡೆ, ಇರಲಿ ಬಿಡಿ ಎನ್ನುವವರು ಇನ್ನೊಂದು ಕಡೆ. ಪಂಪಣ್ಣ ಎರಡೂ ಕಡೆ ನಿಂತು ಕೇಳಿದ್ದ. ಎರಡೂ ಕಡೆ ತಲೆದೂಗಿದ್ದ. ಅದೇ ಅವನನ್ನು ಕಾಡುತ್ತಿತ್ತು.

"ಕೂತುಕೋ," ಎಂದರು ಗುರುಗಳು.

"ಕೂರಲು ಆಗುತ್ತಿಲ್ಲ."

"ಹಾಗಾದರೆ ನಿಂತೇ ಕೇಳು," ಎಂದು ಗುರುಗಳು ಹೇಳತೊಡಗಿದರು.

ಎರಡು ಗುಡ್ಡಗಳ ನಡುವೆ ಒಂದು ಊರಿತ್ತು. ಸುತ್ತ ಕೋಟೆ, ಕೋಟೆಗೆ ಒಂದೇ ಬಾಗಿಲು. ಬಾಗಿಲಿನಿಂದ ಇಳಿದು ಹೋದರೆ ಹೊಳೆ. ಹೊಳೆಯ ಆಚೆ ಬೇರೆ ಸೀಮೆ. ಹೊರಗಿನವರು ಊರಿನಲ್ಲಿ ಇರಬೇಕಾದರೆ ಸಭೆಯ ಅಪ್ಪಣೆ ಬೇಕಿತ್ತು. ಅಪ್ಪಣೆ ಸಿಕ್ಕವರಿಗೆ ಒಂದು ತಾಮ್ರದ ಬಿಲ್ಲೆ ಕೊಡುತ್ತಿದ್ದರು. ಅದು ಹಿಂದಿನಿಂದ ಬಂದ ಕಟ್ಟಳೆ. ಕೆಟ್ಟ ಕಟ್ಟಳೆಯೇನೂ ಅಲ್ಲ.

ಒಂದು ವರ್ಷ ಆಚೆಯ ಸೀಮೆಯಲ್ಲಿ ಕಾಳಗ ಹತ್ತಿಕೊಂಡಿತು. ಜನ ಹೊಳೆ ದಾಟಿ ಬಂದರು. ಬಿಲ್ಲೆ ಕೇಳಿದರೆ ಸಿಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಕೋಟೆಯ ಹೊರಗೆ, ಹಿಂದೆಂದೋ ಕಲ್ಲು ತೆಗೆದು ಬಿಟ್ಟಿದ್ದ ಒಂದು ಹೊಂಡವಿತ್ತು. ಅದರೊಳಗೆ ಗುಡಿಸಲು ಹಾಕಿಕೊಂಡರು.

ಬೆಳಗಾದರೆ ಅವರು ಕೋಟೆಯ ಬಾಗಿಲಿಗೆ ಬರುತ್ತಿದ್ದರು. ಅಲ್ಲಿ ಒಬ್ಬ ಕಾವಲುಗಾರನಿದ್ದ. ಮೊದಲ ದಿನ ಅವನು ತಡೆದ. ಒಳಗಿನಿಂದ ಜಮೀನುದಾರನ ಮೇಸ್ತ್ರಿ ಬಂದು, "ಬಿಡಪ್ಪ, ಕಬ್ಬು ಕಡಿಯಲು ಆಳು ಬೇಕು," ಎಂದ. ಅವನ ಹಿಂದೆಯೇ ಬಣ್ಣದ ವ್ಯಾಪಾರಿಯ ಕಡೆಯವನೊಬ್ಬ ಬಂದು, ಬಟ್ಟೆಗೆ ಬಣ್ಣ ಹಾಕಲು ಆಳು ಬೇಕು ಎಂದ. ಜಮೀನುದಾರನೂ ವ್ಯಾಪಾರಿಯೂ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು. ಕಾವಲುಗಾರ ಬಾಗಿಲು ತೆಗೆದ. ಮರುದಿನವೂ ತೆಗೆದ. ಆಮೇಲೆ ಯಾರೂ ಹೇಳಬೇಕಾಗಲಿಲ್ಲ.

ಹೊಂಡದವರು ಊರಿನ ಬಾವಿಯಲ್ಲಿ ನೀರು ಸೇದಿದರು. ಊರಿನ ವೈದ್ಯನ ಮನೆಯ ಮುಂದೆ ಸಾಲು ನಿಂತರು. ಊರಿನವರು ತಮ್ಮ ಸರದಿ ಬರುವ ಹೊತ್ತಿಗೆ ಕಷಾಯದ ಹಂಡೆ ತಳ ಕಾಣುತ್ತಿತ್ತು. ಜನ ಗೊಣಗಿದರು. ಗೊಣಗಿದ್ದರಲ್ಲಿ ಸುಳ್ಳಿರಲಿಲ್ಲ.

ಆ ಊರಿಗೆ ಸೂಲಗಿತ್ತಿ ಒಬ್ಬಳೇ. ಸಭೆ ಗೊತ್ತುಮಾಡಿದಂತೆ ಸುಗ್ಗಿಯಲ್ಲಿ ಮನೆಮನೆಯವರೂ ಕಾಳು ಕೊಟ್ಟು ಅವಳನ್ನು ಸಾಕುತ್ತಿದ್ದರು. ಹೊಂಡದಿಂದ ಕರೆ ಬಂದರೂ ಅವಳು ಹೋಗುತ್ತಿದ್ದಳು. ಕೇಳಿದವರಿಗೆ, "ಮೊದಲು ಕರೆದವರ ಮನೆಗೆ ಮೊದಲು," ಎನ್ನುತ್ತಿದ್ದಳು.

ಕಾವಲುಗಾರನ ಹೆಂಡತಿಯ ಹೆಸರು ನೀಲವ್ವ. ಮದುವೆಯಾಗಿ ಬಹಳ ಕಾಲದ ಮೇಲೆ ಅವಳು ಬಸುರಿಯಾಗಿದ್ದಳು. ಒಂದು ಮಧ್ಯಾಹ್ನ ಅವಳಿಗೆ ನೋವು ಕಾಣಿಸಿಕೊಂಡಿತು. ಕಾವಲುಗಾರ ಬಾಗಿಲು ಬಿಟ್ಟು ಸೂಲಗಿತ್ತಿಯ ಮನೆಗೆ ಓಡಿದ. ಮನೆಗೆ ಬೀಗ ಹಾಕಿತ್ತು. ಹೊಂಡಕ್ಕೆ ಹೋಗಿದ್ದಾಳೆ ಎಂದರು ಪಕ್ಕದವರು. ಅವನು ಹೊಂಡಕ್ಕೆ ಓಡಿದ.

ಗುಡಿಸಲಿನೊಳಗೆ ಒಬ್ಬ ಹೆಂಗಸು ಮಲಗಿದ್ದಳು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ತಲೆಯೆತ್ತದೆ ಹೇಳಿದಳು: "ಈಗ ನಾನು ಕೈ ತೆಗೆದರೆ ಇಬ್ಬರೂ ಹೋಗುತ್ತಾರೆ. ನೀನು ನಡೆ. ಇದು ಮುಗಿದ ಕೂಡಲೇ ಬರುತ್ತೇನೆ."

"ನನ್ನ ಹೆಂಡತಿ ಊರಿನವಳು," ಎಂದ ಕಾವಲುಗಾರ.

"ಗೊತ್ತು," ಎಂದಳು ಸೂಲಗಿತ್ತಿ. ಕೈ ತೆಗೆಯಲಿಲ್ಲ.

ಅವನು ಗುಡಿಸಲ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಮಲಗಿದ್ದ ಹೆಂಗಸು ಅವನ ಮುಖ ನೋಡಿದಳು. ಆಮೇಲೆ ಅವನು ಮನೆಗೆ ಓಡಿದ.

ಸೂಲಗಿತ್ತಿ ಬಂದಳು. ಏದುಸಿರು ಬಿಡುತ್ತಾ ಓಡಿಕೊಂಡೇ ಬಂದಳು. ನೀಲವ್ವ ಉಳಿದಳು. ಗಂಡು ಮಗು ಉಳಿಯಲಿಲ್ಲ. ಹೊಂಡದಲ್ಲಿ ತಾಯಿ ಮಗು ಇಬ್ಬರೂ ಉಳಿದಿದ್ದರು.

ಅಂದಿನಿಂದ ಕಾವಲುಗಾರನಿಗೆ ಒಂದು ಕಡೆ ಕೂರಲಾಗಲಿಲ್ಲ. ಬಾಗಿಲಲ್ಲಿ ನಿಂತರೆ ಕೋಟೆ ಸುತ್ತಬೇಕು ಎನಿಸುತ್ತಿತ್ತು. ಸುತ್ತಿ ಬಂದರೆ ಮನೆಗೆ ಹೋಗಬೇಕು ಎನಿಸುತ್ತಿತ್ತು. ಮನೆಗೆ ಹೋದರೆ ಹೊಸ್ತಿಲು ದಾಟಲು ಕಾಲು ಬರುತ್ತಿರಲಿಲ್ಲ. ಬೆಳಗ್ಗೆ ಹೊಂಡದವರು ಬಂದಾಗ ಅವನು ಮುಖ ಆಚೆ ತಿರುಗಿಸಿಕೊಂಡು ಅಗುಳಿ ತೆಗೆಯುತ್ತಿದ್ದ.

ಆ ವರ್ಷ ಸಭೆಗೆ ಹೊಸ ಮುಖ್ಯಸ್ಥನನ್ನು ಆರಿಸಬೇಕಿತ್ತು. ಜಮೀನುದಾರನೂ ಬಣ್ಣದ ವ್ಯಾಪಾರಿಯೂ ಆ ಪಟ್ಟಕ್ಕೆ ನಿಂತಿದ್ದರು. ಹೊಂಡದವರನ್ನು ಓಡಿಸುತ್ತೇನೆ ಎಂದ ಜಮೀನುದಾರ. ಆಶ್ರಯ ಬೇಡಿ ಬಂದವರನ್ನು ಅಟ್ಟಬಾರದು ಎಂದ ವ್ಯಾಪಾರಿ. ಊರು ಎರಡಾಯಿತು. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂತರು.

ಜಮೀನುದಾರ ಕಾವಲುಗಾರನ ಮನೆಗೆ ಬಂದು ಜಗಲಿಯ ಮೇಲೆ ಕೂತ. "ನಿನ್ನ ಮಗು ಅವರಿಂದ ಸತ್ತಿತು. ನಾನು ಹೇಳಿದರೆ ಪಟ್ಟದ ಆಸೆಗೆ ಹೇಳುತ್ತಾನೆ ಅನ್ನುತ್ತಾರೆ. ನೀನು ಸಭೆಯಲ್ಲಿ ಎದ್ದು ಹೇಳು," ಎಂದ.

ಒಳಗಿನಿಂದ ನೀಲವ್ವ ಕೇಳಿದಳು: "ಊರಿಗೆ ಇನ್ನೊಬ್ಬಳು ಸೂಲಗಿತ್ತಿಯನ್ನು ಇಡುತ್ತೀರಾ, ಯಜಮಾನರೇ?"

"ಅವರು ಹೋದ ಮೇಲೆ ಒಬ್ಬಳೇ ಸಾಕಲ್ಲಮ್ಮ," ಎಂದ ಜಮೀನುದಾರ.

ಮರುದಿನ ವ್ಯಾಪಾರಿ ಬಂದ. ನೀಲವ್ವನಿಗೆ ಒಂದು ಒಳ್ಳೆಯ ಸೀರೆ ತಂದಿದ್ದ. "ವಿಧಿಗೆ ಯಾರು ಹೊಣೆ? ಅವರೂ ಮನುಷ್ಯರೇ. ಕ್ಷಮಿಸಿದೆ ಎಂದು ನೀನೊಂದು ಮಾತು ಸಭೆಯಲ್ಲಿ ಹೇಳಿದರೆ ಊರಿನ ಮನಸ್ಸು ಕರಗುತ್ತದೆ," ಎಂದ ಕಾವಲುಗಾರನಿಗೆ.

ನೀಲವ್ವ ವ್ಯಾಪಾರಿಯನ್ನೂ ಅದನ್ನೇ ಕೇಳಿದಳು.

"ಇಡಬಹುದಿತ್ತು. ಆದರೆ ಜಮೀನುದಾರರು ಅಡ್ಡ ಬರುತ್ತಾರಮ್ಮ," ಎಂದು ವ್ಯಾಪಾರಿ ತನ್ನ ಕಾಲಿನ ಜೋಡು ಹುಡುಕಿಕೊಂಡ.

ಅವನು ಹೋದ ಮೇಲೆ ನೀಲವ್ವ ಗಂಡನಿಗೆ ಹೇಳಿದಳು: "ಇಬ್ಬರೂ ನನ್ನ ಮಗುವಿನ ಮಾತೇ ಆಡಿದರು. ಅದು ಯಾರನ್ನು ಹೋಲುತ್ತಿತ್ತು ಅಂತ ಒಬ್ಬರೂ ಕೇಳಲಿಲ್ಲ."

ಸಭೆ ಸೇರಿತು. ಕಾವಲುಗಾರ ಎದ್ದು ನಿಂತ. ಅವನ ಎದೆಯಲ್ಲಿ ಬಹಳ ಮಾತಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಸೂಲಗಿತ್ತಿ ಹೊಂಡದಲ್ಲಿದ್ದಳು. ನನ್ನ ಮಗು ಸತ್ತಿತು." ಅವನು ಕೂತುಬಿಟ್ಟ. ಅಷ್ಟು ಸಾಕಾಯಿತು. ಸಭೆ ಬುಗಿಲೆದ್ದಿತು. ಜಮೀನುದಾರ ಮುಖ್ಯಸ್ಥನಾದ. ಮಳೆ ಬೀಳುವುದರೊಳಗೆ ಹೊಂಡ ಖಾಲಿಯಾಗಬೇಕು ಎಂದು ಅಪ್ಪಣೆಯಾಯಿತು.

"ನೀನು ಮುಂದೆ ನಡೆ," ಎಂದ ಮುಖ್ಯಸ್ಥ ಕಾವಲುಗಾರನಿಗೆ. "ನೀನಿದ್ದರೆ ಯಾರೂ ತಪ್ಪು ಅನ್ನುವುದಿಲ್ಲ."

ಕಾವಲುಗಾರ ಮುಂದೆ ನಡೆದ. ಹಿಂದೆ ದೊಣ್ಣೆ ಹಿಡಿದ ಜನ. ಹೊಂಡದವರು ಜಗಳಕ್ಕೆ ನಿಲ್ಲಲಿಲ್ಲ. ಗಂಟು ಕಟ್ಟಿದರು. ಒಬ್ಬ ಮುದುಕ ಮಾತ್ರ, "ಕಬ್ಬು ಕಡಿಯುವಾಗ ನಾವು ಬೇಕಾಗಿದ್ದೆವು," ಎಂದ. ಯಾರೋ ಅವನನ್ನು ತಳ್ಳಿದರು. ಅವನು ಬಿದ್ದು ಎದ್ದ. ಕಾವಲುಗಾರ ಒಂದೊಂದೇ ಗುಡಿಸಲಿಗೆ ಹೋಗಿ ಹೊರಡಿ ಎಂದು ಹೇಳುತ್ತಾ ಬಂದ. ಒಂದರೊಳಗೆ ಆ ಹೆಂಗಸಿದ್ದಳು. ಮಡಿಲಲ್ಲಿ ಕೂಸಿತ್ತು.

ಅವಳು ಅವನ ಗುರುತು ಹಿಡಿದಳು. "ಅವತ್ತು ಬಾಗಿಲಲ್ಲಿ ನಿಂತಿದ್ದವರು ನೀವೇ ಅಲ್ಲವೇ? ನಿಮ್ಮ ಮನೆಯಲ್ಲಿ ಏನಾಯಿತು? ಸೂಲಗಿತ್ತಿಯನ್ನು ಕೇಳಿದೆ, ಹೇಳಲಿಲ್ಲ. ನಮ್ಮವರನ್ನು ಕೇಳಿದೆ, ಅವರೂ ಹೇಳಲಿಲ್ಲ."

ಬಾಣಂತಿಗೆ ಯಾರೂ ಏನೂ ತಿಳಿಸಿರಲಿಲ್ಲ. ಕಾವಲುಗಾರ ಕೂಸನ್ನು ನೋಡಿದ. ಅದು ಕೈಯನ್ನು ಮುಷ್ಟಿ ಮಾಡಿಕೊಂಡು ನಿದ್ದೆ ಹೋಗಿತ್ತು. ಸಭೆಯಲ್ಲಿ ಬಾಯಿಗೆ ಬಾರದೆ ಉಳಿದ ಮಾತೆಲ್ಲ ಅವನ ನಾಲಿಗೆಯ ತುದಿಗೆ ಬಂತು.

"ಎಲ್ಲ ಸುಸೂತ್ರವಾಯಿತು," ಎಂದ.

ಅವಳು ಉಸಿರು ಬಿಟ್ಟಳು. "ದೇವರು ದೊಡ್ಡವನು. ನನಗೆ ಅದೇ ಚಿಂತೆಯಾಗಿತ್ತು," ಎಂದಳು. ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಳೆಯ ಕಡೆಗೆ ನಡೆದಳು. ತಾನು ಹಾಗೇಕೆ ಹೇಳಿದೆ ಎಂದು ಕಾವಲುಗಾರನಿಗೆ ತಿಳಿಯಲಿಲ್ಲ. ಮನೆಗೆ ಬಂದು ನೀಲವ್ವನ ಮುಂದೆ ಅದನ್ನು ಹೇಳಿದ. ಅವಳು ಬಹಳ ಹೊತ್ತು ಅತ್ತಳು. ಬೈಯಲಿಲ್ಲ.

ಹೊಂಡ ಖಾಲಿಯಾಯಿತು. ವೈದ್ಯನ ಮನೆಯ ಮುಂದಿನ ಸಾಲು ಚಿಕ್ಕದಾಯಿತು. ಊರು ನೆಮ್ಮದಿಯಾಗಿತ್ತು. ಕಾವಲುಗಾರ ಮಾತ್ರ ಕೋಟೆ ಸುತ್ತುವುದನ್ನು ಬಿಡಲಿಲ್ಲ.

ಮತ್ತೆ ಕಬ್ಬು ಕಟಾವಿಗೆ ಬಂತು. ಒಂದು ಬೆಳಗ್ಗೆ ಬಾಗಿಲ ಹೊರಗೆ ಜನ ನಿಂತಿದ್ದರು. ಹೊಳೆಯ ಆಚೆಯವರೇ, ಆದರೆ ಹೊಸಬರು. ಮೇಸ್ತ್ರಿ ಬಂದು ಬಾಗಿಲು ತೆಗೆ ಎಂದ.

"ಬಿಲ್ಲೆ ಇದೆಯೇ?" ಎಂದ ಕಾವಲುಗಾರ.

"ಬಿಲ್ಲೆ ಯಾಕಪ್ಪ? ಇವರು ಗಂಡಸರು ಮಾತ್ರ. ಬೆಳಗ್ಗೆ ಬರುತ್ತಾರೆ, ಸಂಜೆ ಹೋಗುತ್ತಾರೆ. ಹೆಂಡತಿ ಮಕ್ಕಳನ್ನು ತರಬಾರದು ಅಂತ ಮುಖ್ಯಸ್ಥರೇ ಹೇಳಿದ್ದಾರೆ. ಊರಿಗೆ ಖರ್ಚಿಲ್ಲ."

ಕಾವಲುಗಾರ ಅಗುಳಿ ತೆಗೆಯಲಿಲ್ಲ. ನೇರವಾಗಿ ಸಭೆಗೆ ಹೋದ. ಯಾರೂ ಮಾತಾಡು ಎನ್ನುವ ಮೊದಲೇ ಮಾತಾಡಿದ.

"ಅವತ್ತು ನಾನು ಹೇಳಿದ್ದು ನಿಜ. ಆದರೆ ಅರ್ಧ. ಹೊಂಡದವರು ಹೊಳೆ ದಾಟಿದ್ದು ಕದ್ದು. ಕೋಟೆಯೊಳಗೆ ಬಂದದ್ದು ಕದ್ದಲ್ಲ. ನಾನೇ ಬಾಗಿಲು ತೆಗೆದೆ. ತೆಗೆ ಎಂದವರು ಈ ಮುಂದಿನ ಸಾಲಿನಲ್ಲಿದ್ದಾರೆ. ಅವರ ದುಡಿಮೆ ನಿಮ್ಮ ಮನೆಗೆ ಬಂತು. ಅವರ ನೋವು ಸೂಲಗಿತ್ತಿಯ ಮನೆಗೆ ಬಂತು. ಅಲ್ಲಿಂದ ನನ್ನ ಮನೆಗೆ ಬಂತು."

ಜಮೀನುದಾರ ಮೆಲ್ಲಗೆ, "ಪಾಪ, ದುಃಖದಲ್ಲಿ ಅವನ ಬುದ್ಧಿ ನೆಲೆ ತಪ್ಪಿದೆ," ಎಂದ. ಬಣ್ಣದ ವ್ಯಾಪಾರಿ, "ಹೌದು, ಅವನಿಗೆ ವಿಶ್ರಾಂತಿ ಬೇಕು," ಎಂದ. ಆ ವರ್ಷವೆಲ್ಲ ಅವರಿಬ್ಬರೂ ಒಂದೇ ಮಾತು ಆಡಿದ್ದು ಅಂದು ಮಾತ್ರ. ಬಾಗಿಲ ಕೀಲಿಕೈಯನ್ನು ಕಾವಲುಗಾರನಿಂದ ತೆಗೆದುಕೊಂಡರು. ಅವನು ಮನೆ ಸೇರುವ ಹೊತ್ತಿಗೆ ಹೊಸ ಆಳುಗಳು ಕಬ್ಬಿನ ಗದ್ದೆಯಲ್ಲಿದ್ದರು.

ಆ ಸಂಜೆ ನೀಲವ್ವ ಸೂಲಗಿತ್ತಿಯ ಮನೆಗೆ ಹೋದಳು. ಮಗು ಸತ್ತ ಮೇಲೆ ಅವಳು ಆ ಬೀದಿಗೇ ಕಾಲಿಟ್ಟಿರಲಿಲ್ಲ. ಸೂಲಗಿತ್ತಿ ಶಾಪ ಕೇಳಲು ಸಿದ್ಧಳಾದವಳಂತೆ ತಲೆ ತಗ್ಗಿಸಿ ನಿಂತಳು.

"ನನಗೆ ಕಲಿಸು," ಎಂದಳು ನೀಲವ್ವ.

"ದಿನವೂ ಎಳೆಗೂಸಿನ ಅಳು ಕೇಳಬೇಕಾಗುತ್ತದೆ."

"ಕೇಳುತ್ತೇನೆ. ಕಲಿಸು."

ನೀಲವ್ವ ಕಲಿತಳು. ಮೊದಮೊದಲು ಎಳೆಗೂಸಿನ ಅಳು ಕೇಳಿದರೆ ಹೊರಗೆ ಓಡಿ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಮತ್ತೆ ಒಳಗೆ ಹೋಗುತ್ತಿದ್ದಳು. ಸಭೆ ಅವಳಿಗೆ ಸುಗ್ಗಿಯ ಕಾಳು ಗೊತ್ತುಮಾಡಲಿಲ್ಲ. ಕರೆದವರು ಕೊಟ್ಟಷ್ಟು ಕೊಟ್ಟರು.

ಹೆಂಗಸರನ್ನು ತರಬಾರದು ಎಂದರೆ ಹೆಂಗಸರು ಬಾರದೆ ಇರುತ್ತಾರೆಯೇ? ಹೊಂಡದಲ್ಲಿ ಮತ್ತೆ ಗುಡಿಸಲುಗಳು ಎದ್ದವು. ಸಭೆಯಲ್ಲಿ ಮತ್ತೆ ವಾದ ಎದ್ದಿತು. ಒಂದು ದಿನ ಹೊಂಡದಿಂದ ಕರೆ ಬಂತು. ಸೂಲಗಿತ್ತಿ ಊರೊಳಗೆ ಬೇರೆ ಮನೆಯಲ್ಲಿದ್ದಳು. ನೀಲವ್ವ ಹೊರಟಳು. ಗಂಡನಿಗೆ ಬಾ ಎನ್ನಲಿಲ್ಲ, ಬೇಡವೆನ್ನಲಿಲ್ಲ. ಅವನು ಅವಳ ಹಿಂದೆ ಹೊಂಡದ ಅಂಚಿನವರೆಗೆ ಹೋದ. ಕೆಳಗೆ ಇಳಿಯಲಿಲ್ಲ. ಅಂಚಿನಲ್ಲೇ ಅತ್ತಿಂದಿತ್ತ ನಡೆಯುತ್ತಿದ್ದ.

ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಊರಿನವನು ನಿಂತು ಕೇಳಿದ: "ಏನಪ್ಪ, ಇವರ ಮೇಲಿನ ಸಿಟ್ಟು ಹೋಯಿತೇ?"

"ಇಲ್ಲ," ಎಂದ ಅವನು.

"ಮತ್ತೆ ಇಲ್ಲಿಗೇಕೆ ಬಂದೆ?"

ಆಗ ಕೆಳಗಿನಿಂದ ಕೂಸಿನ ಅಳು ಕೇಳಿಸಿತು. ಅವನು ನಿಂತ. ಸ್ವಲ್ಪ ಹೊತ್ತಿಗೆ ಮತ್ತೆ ನಡೆಯತೊಡಗಿದ.

ಗುರುಗಳು ಕತೆ ನಿಲ್ಲಿಸಿದರು. ಪಂಪಣ್ಣ ಮುಂದಿನದಕ್ಕೆ ಕಾದ. ಮುಂದಿನದು ಬರಲಿಲ್ಲ.

"ಗುರುಗಳೇ, ನಾಳೆ ಪೇಟೆಯಲ್ಲಿ ನನ್ನನ್ನೂ ಕೇಳುತ್ತಾರೆ. ಯಾವ ಕಡೆಯದು ಸರಿ ಎಂದು ನಾನು ಏನಾದರೂ ಹೇಳಲೇಬೇಕಲ್ಲ?"

"ಆ ಊರಿನಲ್ಲಿ ಹೇಳುವವರಿಗೆ ಕೊರತೆ ಇರಲಿಲ್ಲ, ಪಂಪಣ್ಣ. ಸೂಲಗಿತ್ತಿ ಮಾತ್ರ ಒಬ್ಬಳೇ ಇದ್ದಳು," ಎಂದರು ಗುರುಗಳು.