ಬೋಳಣ್ಣನ ಸಕ್ಕರೆ ಪರೀಕ್ಷೆ

ಮೈತುಂಬ ಕೂದಲಿದ್ದರೂ ಹೆಸರು ಮಾತ್ರ ಬೋಳಣ್ಣ. ಆ ಕರಡಿಯ ಕಾಲಿನ ಹುಣ್ಣು ತಿಂಗಳಾದರೂ ಮಾಯಲೇ ಇಲ್ಲ. ಕಾಡಿನ ವೈದ್ಯೆ ಇರುವೆ ಪುಟ್ಟಕ್ಕ, ಅವನು ಉಚ್ಚೆ ಹೊಯ್ದ ಜಾಗಕ್ಕೆ ತನ್ನ ಬಳಗವೆಲ್ಲ ಮುತ್ತಿದ್ದನ್ನು ನೋಡಿ, "ನಿನಗೆ ಸಕ್ಕರೆ ಕಾಯಿಲೆ ಬಂದಿದೆ. ಜೇನು ಬಿಡು, ದಿನಾ ನಡೆ. ಇಲ್ಲದಿದ್ದರೆ ಆ ಕಾಲು ಉಳಿಯೋದಿಲ್ಲ. ಅಮಾವಾಸ್ಯೆಗೆ ಚಿಪ್ಪಿನಲ್ಲಿ ಉಚ್ಚೆ ತಗೊಂಡು ಬಾ, ಮತ್ತೆ ನೋಡೋಣ," ಎಂದಳು.

ಬೋಳಣ್ಣ ಮೂರು ದಿನ ಮಹಾ ಸಂನ್ಯಾಸಿಯಾಗಿದ್ದ. ನಾಲ್ಕನೆಯ ದಿನ ಹೆಜ್ಜೇನು ಕಣ್ಣಿಗೆ ಬಿತ್ತು, ಸಂನ್ಯಾಸ ಮುಗಿಯಿತು. ಅಮಾವಾಸ್ಯೆ ಬಂದೇ ಬಿಟ್ಟಿತು. ಬೈಸಿಕೊಳ್ಳುವುದು ಯಾರಿಗೆ ಬೇಕು? ಪಕ್ಕದ ಮರದ ಕೋತಿಯನ್ನು ಪುಸಲಾಯಿಸಿ, ಚಿಪ್ಪು ತುಂಬಿಸಿಕೊಂಡು ಹೋದ.

ಒಂದು ಇರುವೆಯೂ ಚಿಪ್ಪಿನ ಹತ್ತಿರ ಸುಳಿಯಲಿಲ್ಲ.

"ಭೇಷ್ ಬೋಳಣ್ಣ! ಸಕ್ಕರೆ ಇಳಿದಿದೆ."

"ಎಲ್ಲಾ ಬಾಯಿ ಕಟ್ಟಿದ್ದರ ಫಲ ಕಣಕ್ಕಾ," ಎಂದು ಬೋಳಣ್ಣ ಎದೆಯುಬ್ಬಿಸಿದ.

"ಎಲ್ಲಿ, ಕಾಲು ತೋರಿಸು."

ಹುಣ್ಣು ಅಂಗೈಯಗಲ ಆಗಿತ್ತು. ಪುಟ್ಟಕ್ಕ ಅದನ್ನು ನೋಡಿದಳು, ಚಿಪ್ಪನ್ನು ನೋಡಿದಳು. "ಇದು ಯಾರದ್ದು?"

"ಕೋತೀದು," ಎಂದ ಬೋಳಣ್ಣ, ನೆಲ ನೋಡುತ್ತಾ.

"ಸರಿ. ಕೋತಿಯ ಕಾಲಿಗೆ ಇನ್ನು ಯಾವ ಭಯವೂ ಇಲ್ಲ ಅಂತ ಹೇಳಿಬಿಡು."

ಬೋಳಣ್ಣನಿಗೆ ಮೊದಲು ಸಿಟ್ಟು ಬಂತು, ಆಮೇಲೆ ತನ್ನ ಮೇಲೇ ನಗು ಬಂತು. "ಕಾಪಿ ಹೊಡೆದದ್ದು ನಾನು, ಪಾಸಾಗಿದ್ದು ಕೋತಿ! ಇಂಥ ಬುದ್ಧಿವಂತ ಈ ಕಾಡಿನಲ್ಲಿ ಇನ್ನೊಬ್ಬ ಇದ್ದರೆ ತೋರಿಸು ನೋಡೋಣ," ಎಂದು ಹೊಟ್ಟೆ ಕುಲುಕಿಸಿ ನಕ್ಕ. ನಗು ನಿಂತ ಮೇಲೆ ಅಲ್ಲೇ ಕುಕ್ಕರಿಸಿ, ಮೆಲ್ಲಗೆ ಕೇಳಿದ:

"ಹೇಳಕ್ಕಾ, ಇವತ್ತು ಮಧ್ಯಾಹ್ನಕ್ಕೆ ಏನು ತಿನ್ನಲಿ?"