ಕಡಲು ಹೊತ್ತ ಹೆಸರು

ಉಮಾಕಾಂತ ಹರಿಕಂತ್ರ ಹುಟ್ಟು ಹಾಕಲು ಕಲಿತದ್ದು ಮನೆಯ ಪುಟ್ಟ ದೋಣಿಯಲ್ಲಿ. ಮುಂದೆ ಅವನು ನೌಕಾಪಡೆ ಸೇರಿದ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಯುದ್ಧದ ನಡುವೆ, ಹಡಗಿನೊಂದಿಗೆ ಮುಳುಗಿಹೋದ. ದೇಹ ಸಿಗಲಿಲ್ಲ. ತಾಯಿ ಸೋಮಿ ಅದೇ ದೋಣಿಯ ಮೂತಿಯ ಮೇಲೆ ಮಗನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದಳು.

ಕಡಲು ಅದನ್ನು ಸಹಿಸಲಿಲ್ಲ. ದಿನವೂ ಉಪ್ಪುನೀರು ಎರಚಿ ಬಣ್ಣವನ್ನೆಲ್ಲ ತಿಂದುಹಾಕಿತು. "ನಾನು ನುಂಗಿದವರ ಹೆಸರು ನನ್ನ ಮೇಲೆ ಓಡಾಡಕೂಡದು" ಎಂದಿತು.

ದೋಣಿ ಬೋಳು ಮೂತಿ ಹೊತ್ತು ದಡಕ್ಕೆ ಬಂದಾಗ ಸೋಮಿ ಅಳಲಿಲ್ಲ. ಮನೆಗೆ ಹೋಗಿ ಉಳಿ, ಸುತ್ತಿಗೆ ತಂದಳು.

"ಈ ಸಲ ಕೆತ್ತುತ್ತೇನೆ ಮಗಾ. ನೋಯುತ್ತದೆ, ತಡೆದುಕೋ."

"ಆಳವಾಗಿಯೇ ಕೆತ್ತಮ್ಮ" ಎಂದಿತು ದೋಣಿ.

ಮರುದಿನ ಬೆಳಗ್ಗೆ ದೋಣಿ ನೀರಿಗಿಳಿಯುತ್ತಿದ್ದಂತೆ ಕಡಲು ಅಡ್ಡಗಟ್ಟಿತು. "ಆ ಹೆಸರಿಟ್ಟುಕೊಂಡು ಬಂದರೆ ನಿನ್ನನ್ನೂ ಮುಳುಗಿಸುತ್ತೇನೆ."

ದೋಣಿಯ ಹಲಗೆಗಳು ನಡುಗಿದ್ದು ನಿಜ. ಆದರೂ ಅದು ಹಿಂದೆ ಸರಿಯಲಿಲ್ಲ.

"ಮುಳುಗಿಸು. ಕೆತ್ತಿದ ಹೆಸರು ನಿನ್ನ ತಳದಲ್ಲೂ ಹಾಗೇ ಇರುತ್ತದೆ. ತೇಲಿಸಿದೆಯೋ, ನಿನ್ನ ಬೆನ್ನ ಮೇಲಿರುತ್ತದೆ. ನೀನು ಕಸಿದದ್ದು ನಮ್ಮ ಹುಡುಗನ ದೇಹವನ್ನು. ಅವನ ಹೆಸರನ್ನು ನಾವು ನಿನಗೆ ಬಿಟ್ಟುಕೊಟ್ಟಿಲ್ಲ."

ದೋಣಿಯಲ್ಲಿ ಕುಳಿತಿದ್ದ ಸೋಮಿ ಹುಟ್ಟು ಹಾಕಿದಳು. ಆಳೆತ್ತರದ ಅಲೆಯೊಂದು ಎದ್ದು ದೋಣಿಯ ಮೂತಿಗೆ ಅಪ್ಪಳಿಸಿತು. ಅಕ್ಷರಗಳ ಕುಳಿಯಲ್ಲಿ ನೀರು ತುಂಬಿತು, ಇಳಿಯಿತು. ಅಕ್ಷರಗಳು ಇದ್ದಲ್ಲೇ ಇದ್ದವು.

ಕಡಲು ಬೇರೆ ದಾರಿ ಕಾಣದೆ ಉಮಾಕಾಂತನ ಹೆಸರನ್ನು ಬೆನ್ನ ಮೇಲೆ ಹೊತ್ತು ನಡೆಯಿತು.