ಕಲಕದ ಮನಸ್ಸು

ಬೆಳಗಿನ ಏಳು ಗಂಟೆ. ಮಂಜು ಇಳಿದಿತ್ತು, ಗಾಳಿ ಇರಲಿಲ್ಲ. ಹಾಜರಿದ್ದವರು: ಗುರುಗಳು, ಊರೂರು ತಿರುಗಿ ಬೋಧಿಸಲು ಅಪ್ಪಣೆ ಬೇಡಿ ಬಂದಿದ್ದ ಗುರುಪಾದಯ್ಯ, ಇನ್ನಿಬ್ಬರು ಶಿಷ್ಯರು.

ಗುರುಪಾದಯ್ಯ ಕೇಳಿದ: "ಗುರುಗಳೇ, ಯಾವುದಕ್ಕೂ ಕಲಕದ ಮನಸ್ಸೇ ಸುಖ ಎಂದು ಗ್ರೀಸಿನ ಹಳೆಯ ತತ್ತ್ವಜ್ಞಾನಿಗಳು ಹೇಳಿದ್ದಾರೆ. ನಾನು ಮನೆ ಬಿಟ್ಟು ಬಂದು ಮೂರು ವರ್ಷವಾಯಿತು. ನನ್ನ ಮನಸ್ಸು ಕಲಕಿಲ್ಲ. ನಾನು ಸುಖಿಯಲ್ಲವೇ? ಇದನ್ನು ಇತರರಿಗೆ ಬೋಧಿಸಬಾರದೇ?"

"ಒಮ್ಮೆಯೂ ಕಲಕಿಲ್ಲವೇ?"

"ಒಮ್ಮೆಯೂ ಇಲ್ಲ."

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕತೆ ಹೇಳಿದರು.

ಗ್ರೀಸಿನ ಒಂದು ನಗರ. ನಾಲ್ಕು ವರ್ಷಕ್ಕೊಮ್ಮೆ ಅಲ್ಲಿ ಊರಿನ ಪರಮಸುಖಿಯನ್ನು ಆರಿಸುತ್ತಿದ್ದರು. ಅವನಿಗೆ ಆಲಿವ್ ಎಲೆಯ ಕಿರೀಟ. ಬದುಕಿರುವವರೆಗೆ ನಗರಸಭೆಯಲ್ಲಿ ಊಟ. ಸುಖ ಒಳಗಿನ ಸಂಗತಿಯಾದ್ದರಿಂದ ಅಭ್ಯರ್ಥಿಯ ಮಾತನ್ನೇ ಪ್ರಮಾಣವೆಂದು ಸ್ವೀಕರಿಸುವುದು ಅಲ್ಲಿಯ ರೂಢಿ.

ಒಂದು ಸಲ ಒಬ್ಬ ತೋಟಗಾರ ಸಭೆಯ ಮುಂದೆ ನಿಂತ. "ಆಸೆಯನ್ನು ಕಡಿದೆ. ಭಯವನ್ನು ಬಿಟ್ಟೆ. ಕಳೆದ ವರ್ಷ ಆಲಿಕಲ್ಲು ಬಿದ್ದು ಫಸಲೆಲ್ಲ ಹಾಳಾಯಿತು. ಆ ಮಧ್ಯಾಹ್ನವೂ ಎಂದಿನಂತೆ ನಿದ್ರಿಸಿದೆ."

ಸಭೆ ತಲೆದೂಗಿತು. ಒಬ್ಬ ವಯಸ್ಸಾದ ಪರೀಕ್ಷಕ ಮಾತ್ರ ತಲೆದೂಗಲಿಲ್ಲ. "ಫಸಲು ಹೋದ ಮೇಲೆ ಮನೆಯಲ್ಲಿ ಏನು ಉಂಡಿರಿ?" ಎಂದು ಕೇಳಿದ.

"ಏನೋ ಬೇಯುತ್ತಿತ್ತು. ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಮನಸ್ಸು ಕಲಕುತ್ತದೆ."

ಪರೀಕ್ಷಕನ ಅನುಮಾನ ಬಲವಾಯಿತು. ರೂಢಿ ಮೀರಿ ಅವನು ತೋಟಗಾರನ ಮನೆಗೆ ಹೋದ. ಮನೆಗೆ ಬೀಗ. ತೋಟಗಾರನ ಹೆಂಡತಿ ಪಕ್ಕದವರ ತೋಟದಲ್ಲಿ ಬಗ್ಗಿ ಕೂಲಿಗೆ ಆಲಿವ್ ಕಾಯಿ ಹೆಕ್ಕುತ್ತಿದ್ದಳು.

"ತಾಯಿ, ನಿನ್ನ ಗಂಡ ಸುಖಿಯೇ?"

ಅವಳು ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕಳು. "ಅವರಂಥ ಸುಖಿ ಈ ಊರಲ್ಲೇ ಇಲ್ಲ ಸ್ವಾಮಿ. ಚಿಂತೆಯನ್ನೆಲ್ಲ ನನಗೇ ಬಿಟ್ಟುಕೊಟ್ಟಿದ್ದಾರೆ. ಕಿರೀಟ ಕೊಟ್ಟುಬಿಡಿ, ಒಬ್ಬರ ಅಡುಗೆಯಾದರೂ ನನಗೆ ಉಳಿಯುತ್ತದೆ."

ಪರೀಕ್ಷಕ ಹಿಂದಿರುಗಿ ತೋಟಗಾರನ ಹೆಸರನ್ನು ಹೊಡೆದುಹಾಕಿದ. ಆ ಸಲ ಕಿರೀಟ ಯಾರಿಗೂ ಸಲ್ಲಲಿಲ್ಲ.

ಕತೆ ಮುಗಿಯಿತು. ಗುರುಪಾದಯ್ಯ ಕೈಮುಗಿದೇ ನಿಂತಿದ್ದ. "ನನಗೆ ಅಪ್ಪಣೆ ಉಂಟೇ, ಗುರುಗಳೇ?"

"ನಿನ್ನ ಮನೆಯಲ್ಲಿ ಯಾರಿದ್ದಾರೆ?"

"ಹೆಂಡತಿ. ಇಬ್ಬರು ಮಕ್ಕಳು."

"ಹೇಗಿದ್ದಾರೆ?"

"ವಿಚಾರಿಸಿಲ್ಲ," ಎಂದ ಗುರುಪಾದಯ್ಯ. ಉಳಿದಿಬ್ಬರು ನೆಲ ನೋಡಿದರು.

ಗುರುಗಳು ಎಲ್ಲರಿಗೂ ಕೇಳುವಂತೆ ಹೇಳಿದರು: "ಅಪ್ಪಣೆ ಇಲ್ಲ, ಮೊದಲು ಮನೆಗೆ ಹೋಗಿ ಮನಸ್ಸು ಕಲಕಿಸಿಕೊಂಡು ಬಾ."